ಹೊಳಪು ಕಾಯ್ದ ಮನುಷ್ಯ

ಕಂಪ್ಯೂಟರಿನ ಪ್ರೊಸೆಸರ್ ತಂಪಾಗಿಡಲು ದುಬಾರಿ ಏರ್ ಕೂಲರ್ ಕೊಳ್ಳಬೇಕೇ, ಅಗ್ಗದ್ದು ಸಾಕೇ ಎಂದು ಪರಿಚಯದವರು ಆಗಾಗ ನನ್ನನ್ನು ಕೇಳುತ್ತಾರೆ. ಕೇಳುವವರಿಗೆ ಒಂದು ಸಾಲಿನ ಉತ್ತರ ಬೇಕಾಗಿರುತ್ತದೆ. ಒಂದು ಕಾಲಕ್ಕೆ ನನ್ನ ಬಳಿ ಅಂಥ ಉತ್ತರ ಇತ್ತು. ಅಳತೆಯ ಆಧಾರವಿದ್ದ, ಯಾರೂ ಅಲ್ಲಗಳೆಯಲಾಗದ ಉತ್ತರ. ಅದನ್ನು ಕೆಡಿಸಿದವರು ಒಬ್ಬರೇ. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನಾನು ಪ್ರಯತ್ನಿಸುತ್ತಿದ್ದೇನೆ.

ಕಾರವಾರದಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ ಇತ್ತು. ಡ್ರೋನ್ ಹಾರಿಸಿ ಕಡಲತೀರದ, ಗುಡ್ಡದ, ರಸ್ತೆಯ ಚಿತ್ರ ತೆಗೆಯುವುದು, ಆ ಸಾವಿರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಂದಿಸಿ ನಕ್ಷೆ ಮಾಡಿ ಕೊಡುವುದು ನಮ್ಮ ಕೆಲಸ. ಎಂ.ಎಸ್ಸಿ. ಮುಗಿಸಿ ನಾನು ಅಲ್ಲಿ ಸೇರಿದಾಗ ಯಂತ್ರಗಳ ಉಸ್ತುವಾರಿ ನಾನು ಹೇಳಿದ ಆ ಹಿರಿಯರದಾಗಿತ್ತು. ನಿವೃತ್ತಿಯ ವಯಸ್ಸು ದಾಟಿತ್ತು. ಆದರೂ ದಿನಾ ಭಾವಿಕೇರಿಯಿಂದ ಅಂಕೋಲೆಗೆ, ಅಂಕೋಲೆಯಿಂದ ಕಾರವಾರಕ್ಕೆ ಎರಡು ಬಸ್ಸು ಬದಲಿಸಿ ಉಳಿದವರಿಗಿಂತ ಮೊದಲು ಬರುತ್ತಿದ್ದರು. ಬಂದವರು ಕೂರುತ್ತಿರಲಿಲ್ಲ. ಪ್ರತಿ ಕಂಪ್ಯೂಟರಿನ ಮುಂದೆ ನಿಂತು, ಬಲಗೈಯ ಬೆನ್ನನ್ನು ಅದರ ಮೈಗೆ ಇಟ್ಟು, ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚುತ್ತಿದ್ದರು.

"ಬೆಚ್ಚಗದೆ. ಬಿಸಿ ಇಲ್ಲ," ಎನ್ನುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ ಗೊತ್ತಿಲ್ಲ. ಆ ಹೊತ್ತಿಗೆ ಕಚೇರಿಯಲ್ಲಿ ಇರುತ್ತಿದ್ದುದು ನಾನೊಬ್ಬಳೇ.

"ಸರ್, ಪರದೆಯ ಮೇಲೆ ಉಷ್ಣತೆ ಬರುತ್ತದೆ. ಡಿಗ್ರಿ ಸಮೇತ," ಎಂದು ಮೊದಲ ವಾರದಲ್ಲೇ ಹೇಳಿದ್ದೆ.

"ಬರ್ಲಿ ತಂಗಿ. ಅದು ಅದರ ಕೆಲ್ಸ. ಇದು ನಂದು."

ಕೈಯ ಬೆನ್ನಿನಿಂದ ಅವರು ಎಲ್ಲವನ್ನೂ ಅಳೆಯುತ್ತಿದ್ದರು. ಚಹಾದ ಲೋಟ, ಬಸ್ಸಿನ ಸೀಟು, ಯುಪಿಎಸ್ಸಿನ ಬ್ಯಾಟರಿ, ಮೀನು ಮಾರುಕಟ್ಟೆಯಲ್ಲಿ ಇಸವಾಣದ ಹೊಟ್ಟೆ. ಮೇ ತಿಂಗಳಲ್ಲಿ ಮನೆಯ ಇಶಾಡು ಮಾವಿನ ಹಣ್ಣನ್ನು ಪೇಪರಿನಲ್ಲಿ ಸುತ್ತಿ ತಂದು, ನನ್ನ ಮೇಜಿನ ಮೇಲಿಟ್ಟು, ಕೈಯ ಬೆನ್ನು ತಾಗಿಸಿ, "ಇವತ್ತಲ್ಲ. ನಾಳೆ ಸಂಜೆ ತಿನ್ನು," ಎನ್ನುತ್ತಿದ್ದರು. ಮಾಜಾಳಿಯ ನಮ್ಮ ಮನೆಯಲ್ಲಿ ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗೂ ಇಲ್ಲ. ಒಮ್ಮೆ ಅದೇ ದಿನ ಕೊಯ್ದೆವು. ತೊಟ್ಟಿನ ಹತ್ತಿರ ಹುಳಿ. ಮರುದಿನ ನಾನು ಬಾಯಿ ಬಿಡುವ ಮೊದಲೇ, "ನಿನ್ನೆನೇ ತಿಂದ್ರಿ ಅಲ್ಲವಾ?" ಎಂದರು. ಮಾವಿನ ವಿಷಯದಲ್ಲಿ ಅವರು ಒಮ್ಮೆಯೂ ತಪ್ಪಲಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ. ಮಾವಿನಲ್ಲಿ ತಪ್ಪದವನು ಯಾವುದರಲ್ಲೂ ತಪ್ಪಲಾರ ಎಂದು ಅವರು ತಿಳಿದಿದ್ದರು.

ಎರಡನೆಯ ತೊಂದರೆ ಪ್ಲಾಸ್ಟಿಕ್.

ಹೊಸ ವಸ್ತುವಿನ ಮೇಲೆ ಗೀರು ಬೀಳದಿರಲೆಂದು ಕಂಪನಿಯವರು ಅಂಟಿಸಿ ಕಳಿಸುವ ತೆಳ್ಳಗಿನ ಹಾಳೆ ಇರುತ್ತದಲ್ಲ, ಅದನ್ನು ಅವರು ತೆಗೆಯುತ್ತಿರಲಿಲ್ಲ. ಯಾವುದರ ಮೇಲಿನದನ್ನೂ. ನಮ್ಮ ಕಡೆ ಇದು ಅಪರೂಪವಲ್ಲ. ಕಡಲಿನ ಗಾಳಿಗೆ ಕಬ್ಬಿಣ ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ, ಸ್ಟೀಲಿನ ಮೇಲೆ ಚುಕ್ಕೆ ಏಳುತ್ತದೆ. ನಮ್ಮ ಮನೆಯಲ್ಲೂ ಟಿವಿಯ ರಿಮೋಟು ಕವರಿನೊಳಗೇ ಇದೆ, ಫ್ರಿಜ್ಜಿನ ಹಿಡಿಕೆಗೆ ಹೊದಿಕೆ ಇದೆ. ಆದರೆ ನಾವು ಎಲ್ಲಾದರೂ ನಿಲ್ಲಿಸುತ್ತೇವೆ. ಅವರ ಕೈಗಡಿಯಾರದ ಗಾಜಿನ ಮೇಲೆ ಹಾಳೆ ಇತ್ತು. ಅದರಡಿ ಗುಳ್ಳೆಗಳೆದ್ದು ಮುಳ್ಳುಗಳು ಕಾಣದೆ, ಅವರು ನನ್ನನ್ನು ಸಮಯ ಕೇಳುತ್ತಿದ್ದರು. ಅವರ ಕುರ್ಚಿ ಪ್ಲಾಸ್ಟಿಕ್ ಸಮೇತ ಇತ್ತು. ಕೂತರೆ ಎದ್ದರೆ ಚರಚರ ಸದ್ದು. ಕನ್ನಡಕದ ಗಾಜಿನ ಮೂಲೆಯಲ್ಲಿ ಕಂಪನಿಯ ಹೆಸರಿನ ಪುಟ್ಟ ಚೀಟಿ ಹಾಗೇ ಅಂಟಿಕೊಂಡಿತ್ತು. ಆ ಮೂಲೆಯಿಂದ ಏನನ್ನಾದರೂ ನೋಡಬೇಕಾದರೆ ತಲೆ ವಾರೆ ಮಾಡುತ್ತಿದ್ದರು.

"ಸರ್, ಆ ಚೀಟಿ ತೆಗೆಯಬಹುದಲ್ಲ?"

"ತೆಗೂಕೆ ಹೋಗಿ ಗಾಜಿಗೆ ಗೀರು ಬಿದ್ರೆ? ಹೊಳಪು ಒಂದ್ಸಲ ಹೋಯ್ತು ಅಂದ್ರೆ ತಿರ್ಗಿ ಬರೂದಿಲ್ಲ ತಂಗಿ."

ಮೂರನೆಯದು, ಅವರಿಗೆ ಅಗ್ಗದ ವಸ್ತು ಆಗುತ್ತಿರಲಿಲ್ಲ. ಶ್ರೀಮಂತರಲ್ಲ. ಹರಿದ ಚಪ್ಪಲಿಗೆ ಹೊಲಿಗೆ ಹಾಕಿಸಿಕೊಂಡು ನಡೆಯುವವರು. ಆದರೆ ಕೊಳ್ಳುವುದಿದ್ದರೆ ಅಂಗಡಿಯಲ್ಲಿ ಇರುವುದರಲ್ಲೇ ಮೇಲಿನದ್ದು ಬೇಕು, ಇಲ್ಲದಿದ್ದರೆ ಬೇಡ. ಒಮ್ಮೆ ಗೋವಾದಿಂದ ಒಂದು ಭಾರೀ ಛತ್ರಿ ತರಿಸಿದರು. ಗಾಳಿಗೆ ಮಗುಚದ, ಮರದ ಹಿಡಿಕೆಯ ಛತ್ರಿ. ಆ ವರ್ಷ ಇಡೀ ಜುಲೈ ತಿಂಗಳು ಅವರು ಹಳೆಯ, ಕಡ್ಡಿ ಮುರಿದ ಛತ್ರಿಯಲ್ಲೇ ನೆನೆದುಕೊಂಡು ಬಂದರು. ಹೊಸದು ಮನೆಯಲ್ಲಿ ಕವರಿನೊಳಗೆ.

"ಸರ್, ಅದನ್ನು ಯಾಕೆ ತರಲಿಲ್ಲ?"

"ಇಷ್ಟು ಮಳೆಗೆ ಅದೆಂತಕೆ? ಇದಕ್ಕಿಂತ ಜೋರು ಬಂದ್ರೆ ತೆಗೀತೆ."

ಹೊರಗೆ ಎದುರಿನ ಕಟ್ಟಡ ಕಾಣದಷ್ಟು ಮಳೆ. ಅವರ ಅಂಗಿಯಿಂದ ನೀರು ಇಳಿದು ನನ್ನ ಮೇಜಿನ ಕಾಲಿನವರೆಗೆ ಹರಿದು ಬಂದಿತ್ತು.

ಇನ್ನು ಮುಖ್ಯ ಸಂಗತಿ. ಕಚೇರಿಯ ದೊಡ್ಡ ಕಂಪ್ಯೂಟರು ಮರುವರ್ಷದ ಬೇಸಿಗೆಯಲ್ಲಿ ಕೆಲಸದ ನಡುವೆ ತನ್ನಷ್ಟಕ್ಕೆ ಆರತೊಡಗಿತು. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಒಳಗೆ ಲೆಕ್ಕ ಮಾಡುವ ಭಾಗ; ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಹಳೆಯ ಕಾಲದ ಎರಡು ದೊಡ್ಡ ಬಲ್ಬುಗಳಷ್ಟು ಬಿಸಿ ಹುಟ್ಟುತ್ತದೆ. ಆ ಬಿಸಿಯನ್ನು ಎಳೆದು ಗಾಳಿಗೆ ಬಿಡಲು ಅದರ ನೆತ್ತಿಯ ಮೇಲೆ ಲೋಹದ ಒಂದು ಕೂಲರ್, ಅದಕ್ಕೊಂದು ಫ್ಯಾನು. ಬಿಸಿ ನೂರು ಡಿಗ್ರಿ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ನಿಂತುಬಿಡುತ್ತದೆ. ಒಂದು ನಕ್ಷೆಯ ಕೆಲಸಕ್ಕೆ ಒಂದೂವರೆ ದಿನ ಬೇಕು. ನಡುವೆ ನಿಂತರೆ ಮೊದಲಿಂದ ಶುರು.

ನಮ್ಮ ಮಾಲೀಕರು ಕಾರವಾರದವರೇ. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಸಿಟ್ಟು ಬರುವವರೆಗೆ ಕನ್ನಡ. ಮೂರನೆಯ ಸಲ ಕೆಲಸ ನಿಂತಾಗ ಅವರು ಹೇಳಿದರು:

"ಅರೇ ಬಾಬಾ, ಸಾಕು ಮಾಡುವಾ. ಗೋವಾದಲ್ಲಿ ನಮ್ಮ ಮಡಗಾಂವ್ ಆಫೀಸಲ್ಲಿ ಏಸಿ ಕೋಣೆ ಖಾಲಿ ಇದೆ. ಮಶೀನು ಅಲ್ಲಿಗೆ ಹೋಗ್ಲಿ. ಇಲ್ಲಿ ಬರೇ ಬಿಲ್ಲು, ಪತ್ರ, ಅಷ್ಟೇ ಇರ್ಲಿ."

ಯಂತ್ರ ಹೋದರೆ ಅದರ ಹಿಂದೆ ಕೆಲಸ ಹೋಗುತ್ತದೆ. ನನಗೆ ಅದರಿಂದ ನಷ್ಟವೇನೂ ಇರಲಿಲ್ಲ. ಮಾಜಾಳಿ ಗೋವಾ ಗಡಿಯಲ್ಲೇ ಇದೆ. ನಮ್ಮೂರಿನ ಅರ್ಧ ಜನ ಬೆಳಿಗ್ಗೆ ಆ ಕಡೆಗೇ ಹೋಗುತ್ತಾರೆ. ಆದರೆ ಭಾವಿಕೇರಿಯಿಂದ ಮಡಗಾಂವಿಗೆ ದಿನಾ ಹೋಗಿಬರುವುದು ಅವರ ವಯಸ್ಸಿಗೆ ಆಗುವ ಮಾತಲ್ಲ. ಯಂತ್ರ ಹೋಯಿತೆಂದರೆ ಅವರ ಕೆಲಸ ಮುಗಿಯಿತು. ಇದು ಅವರಿಗೂ ಗೊತ್ತಿತ್ತು, ಮಾಲೀಕರಿಗೂ ಗೊತ್ತಿತ್ತು.

"ಮೇ ಮುಗಿಯೂ ತನಕ ನಂಗೆ ಬಿಡಿ," ಎಂದರು ಅವರು. "ಒಂದು ಚೊಲೋ ಕೂಲರ್ ಹಾಕ್ವಾ. ಎಲ್ಲಕ್ಕಿಂತ ಮೇಲಿಂದು. ಮಶೀನು ಇಲ್ಲೇ ಓಡ್ತದೆ."

ಅವರು ಆರಿಸಿದ್ದು ಒಂದು ಯುರೋಪಿನ ಕಂಪನಿಯದು. ಎರಡು ಗೋಪುರದಂಥ ಲೋಹದ ತಗಡುಗಳ ಅಟ್ಟಿ, ನಡುವೆ ದಪ್ಪ ತಾಮ್ರದ ಕೊಳವೆಗಳು, ಎರಡು ಫ್ಯಾನು. ತೂಕ ಒಂದು ಕಿಲೋ ದಾಟುತ್ತದೆ. ಕಾರವಾರದ ಅಂಗಡಿಯಲ್ಲಿ ಸಿಗುವ ಸಾಧಾರಣ ಕೂಲರಿನ ಐದು ಪಟ್ಟು ಬೆಲೆ.

ನಾನು ವಿರೋಧಿಸಿದೆ. ಮಾಲೀಕರ ಎದುರಿಗಲ್ಲ, ಈ ಹಿರಿಯರ ಎದುರೇ.

"ಸರ್, ಗಾಳಿಯಿಂದ ತಂಪು ಮಾಡುವ ಯಾವ ಕೂಲರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ನಮ್ಮ ಕೋಣೆಯೇ ಮೂವತ್ನಾಲ್ಕು ಡಿಗ್ರಿ. ಈಗಿನ ಅಗ್ಗದ ಕೂಲರುಗಳೂ ಚೆನ್ನಾಗಿವೆ. ವ್ಯತ್ಯಾಸ ಇದ್ದರೂ ಕೆಲವೇ ಡಿಗ್ರಿ."

"ಆ ಕೆಲವೇ ಡಿಗ್ರಿಯಲ್ಲೇ ಅಲ್ಲವಾ ಮಶೀನು ನಿಲ್ಲೂದು?"

ನಾನು ವಾದವನ್ನು ಬೇರೆ ಕಡೆಯಿಂದ ಹಿಡಿದೆ.

"ಅದೇ ದುಡ್ಡಿಗೆ ಕಂಪ್ಯೂಟರಿನ ಪೆಟ್ಟಿಗೆಗೆ ಎರಡು ಫ್ಯಾನು ಹಾಕಿ, ಅಗ್ಗದ ಕೂಲರ್ ಕೂರಿಸಿ, ಇನ್ನೂ ಉಳಿಸಬಹುದು."

"ಉಳಿಸಿ? ಎರಡು ವರ್ಷಕ್ಕೆ ಫ್ಯಾನು ಗರಗರ ಹೇಳಿ ಶುರು ಮಾಡ್ತದೆ. ಇದರ ಫ್ಯಾನು ನಾ ಸತ್ರೂ ತಿರ್ಗ್ತಾ ಇರ್ತದೆ. ಮತ್ತೆ ಕೇಳು, ನಾಳೆ ಪ್ರೊಸೆಸರ್ ಬದ್ಲಿ ಮಾಡಿದ್ರೂ ಕೂಲರ್ ಇದೇ. ಹೊಸದಕ್ಕೆ ಕೂರೂ ಲೋಹದ ಪಟ್ಟಿ ಕಂಪನಿಯವ್ರೇ ಪುಕ್ಕಟೆ ಕಳಿಸ್ತ್ರು. ಅಗ್ಗದವ ಕಳಿಸ್ತನಾ?"

ಕಳಿಸುವುದಿಲ್ಲ. ಈಗ ಹೇಳಬೇಕೆಂದರೆ, ದುಬಾರಿ ಕೂಲರಿನ ಪರವಾಗಿ ಹೇಳಬಹುದಾದ ಎಲ್ಲ ಮಾತನ್ನೂ ಅವರು ಅವತ್ತೇ ಹೇಳಿದ್ದರು. ಕಡಿಮೆ ಸದ್ದು, ಬಾಳಿಕೆಯ ಫ್ಯಾನು, ಮುಂದಿನ ಯಂತ್ರಕ್ಕೂ ಬರುವ ಗುಣ. ನನಗೆ ಕಿರಿಕಿರಿಯಾಗುತ್ತಿದ್ದುದು ಅವರು ವಾದಿಸುವಾಗ ಕನ್ನಡಕದ ಚೀಟಿಯ ಪಕ್ಕದಿಂದ ನನ್ನನ್ನು ವಾರೆಯಾಗಿ ನೋಡುತ್ತಿದ್ದ ರೀತಿಗೆ.

ಮಾಲೀಕರು ಒಪ್ಪಿದರು, ಒಂದು ಷರತ್ತಿನ ಮೇಲೆ. ಮೊದಲು ಅಂಗಡಿಯಿಂದ ಸಾಧಾರಣ ಕೂಲರ್ ಎರವಲು ತಂದು ಹಾಕಿ ನೋಡಬೇಕು, ಆಮೇಲೆ ದುಬಾರಿಯದು. ಎರಡರ ಉಷ್ಣತೆಯನ್ನೂ ನಾನು ಬರೆದಿಡಬೇಕು. "ನೀನು ಯಾರ ಕಡೆಗೂ ಅಲ್ಲ, ಅದಕ್ಕೆ," ಎಂದರು.

ಪಾರ್ಸೆಲ್ಲು ಬಂದ ದಿನ ಅವರು ಡಬ್ಬಿಯನ್ನು ಅರ್ಧ ಗಂಟೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ತೆರೆದಾಗ ಒಳಗೆ ಇನ್ನೊಂದು ಡಬ್ಬಿ, ಅದರೊಳಗೆ ಕತ್ತರಿಸಿ ಕೂರಿಸಿದ ಫೋಮು. ಕೂಲರನ್ನು ಮಗುಚಿ ತಳ ತೋರಿಸಿದರು. ಪ್ರೊಸೆಸರಿಗೆ ತಾಗುವ ಭಾಗ ಅದು. ನುಣ್ಣಗೆ ಉಜ್ಜಿ ಹೊಳಪು ಕೊಟ್ಟ ಲೋಹ. ಅವರ ಮುಖ ಅದರಲ್ಲಿ ಕಾಣುತ್ತಿತ್ತು.

"ನೋಡು. ಕನ್ನಡಿ," ಎಂದರು. "ಇಂಥದ್ದನ್ನ ಒಳಗೆ ಯಾರಿಗೂ ಕಾಣ್ದಂಗೆ ಇಡೂಕೆ ಮಾಡ್ತ್ರಲ, ಅವ್ರು ಕೆಲ್ಸಗಾರ್ರು."

ನನಗೂ ಅದು ಚೆಂದ ಕಂಡಿತು. ಹೇಳಲಿಲ್ಲ.

ಅದನ್ನು ಕೂರಿಸಲು ಅವರು ಭಾನುವಾರವೇ ಬಂದರು, ಒಬ್ಬರೇ. ಜೊತೆಗೆ ನಾನು ಬರುತ್ತೇನೆ ಎಂದರೆ, "ನೀ ಉಸಿರು ಬಿಟ್ರೆ ಧೂಳು," ಎಂದರು. ಸೋಮವಾರ ನಾನು ಬಂದಾಗ ಕೆಲಸ ಮುಗಿದಿತ್ತು. ಪೆಟ್ಟಿಗೆಯ ಗಾಜಿನ ಬಾಗಿಲಿನ ಹಿಂದೆ ಆ ಎರಡು ಗೋಪುರಗಳು ಮಸುಕಾಗಿ ಕಾಣುತ್ತಿದ್ದವು. ಮಸುಕಾಗಿ ಯಾಕೆಂದರೆ ಆ ಗಾಜಿನ ಮೇಲಿನ ಹಾಳೆಯೂ ಅವರ ದಯೆಯಿಂದ ಹಾಗೇ ಇತ್ತು.

ಫಲಿತಾಂಶ ಹೀಗಿತ್ತು. ಸಾಧಾರಣ ಕೂಲರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ತೊಂಬತ್ತೈದು ಡಿಗ್ರಿ. ದುಬಾರಿಯದರಲ್ಲಿ ತೊಂಬತ್ಮೂರು. ಐದು ಪಟ್ಟು ಬೆಲೆಗೆ ಎರಡು ಡಿಗ್ರಿ. ಮೇ ತಿಂಗಳ ಸೆಕೆ ಏರಿದಾಗ ಅದೂ ನೂರು ಮುಟ್ಟಿತು, ಯಂತ್ರ ನಿಂತಿತು.

ನಾನು ಗೆದ್ದಿದ್ದೆ. ಆದರೆ ಆ ಅಂಕಿ ನನಗೆ ಸರಿ ಕಾಣಲಿಲ್ಲ. ವ್ಯತ್ಯಾಸ ಕಡಿಮೆ ಎಂದು ನಾನೇ ವಾದಿಸಿದ್ದೆನಾದರೂ ಇಷ್ಟು ಕಡಿಮೆ ಎಂದು ನಾನೂ ಎಣಿಸಿರಲಿಲ್ಲ.

"ಸರ್, ಕೂಲರ್ ಸರಿಯಾಗಿ ಕೂತಿಲ್ಲ ಅಂತ ಕಾಣುತ್ತದೆ. ಒಮ್ಮೆ ತೆಗೆದು ನೋಡೋಣ."

ಅವರ ಮುಖ ಕೆಂಪಾಯಿತು. "ನಾ ಸ್ಕ್ರೂ ತಿರುಗ್ಸೂಕೆ ಶುರು ಮಾಡ್ದಾಗ ನೀ ಹುಟ್ಟಿರ್ಲಿಲ್ಲ."

"ಸ್ಕ್ರೂ ಅಲ್ಲ ಸರ್. ತಳ ಸರಿಯಾಗಿ ತಾಗಿದೆಯೋ ಇಲ್ಲವೋ ಅಂತ."

"ತಾಗದೆ ಎಲ್ಲಿಗೆ ಹೋಗ್ತದೆ? ಒಂದ್ಸಲ ಕೂತಿದ್ದನ್ನ ಎಬ್ಬಿಸ್ಬಾರ್ದು. ಗೀರು ಬೀಳ್ತದೆ."

"ಗೀರು ಬಿದ್ದರೆ ಬೀಳಲಿ. ನಿಮ್ಮ ಕೆಲಸ ಉಳಿಯುತ್ತದಲ್ಲ!"

ಕಚೇರಿಯಲ್ಲಿ ನಾನು ದನಿ ಎತ್ತಿದ್ದು ಅದೊಂದೇ ಸಲ. ಅವರು ಕೈಯ ಬೆನ್ನನ್ನು ಪೆಟ್ಟಿಗೆಯ ಮೈಗಿಟ್ಟು ಕಣ್ಣು ಮುಚ್ಚಿದರು. "ಬೆಚ್ಚಗದೆ," ಎಂದರು. "ಬಿಸಿ ಇಲ್ಲ." ಪರದೆಯ ಮೇಲೆ ತೊಂಬತ್ತೇಳು ಇತ್ತು.

ಪೆಟ್ಟಿಗೆ ಬಿಸಿಯಾಗದಿರುವುದೇ ಸುಳಿವು ಎಂದು ಅವರಿಗೆ ಹೊಳೆಯಬೇಕಿತ್ತು. ನನಗೂ ಹೊಳೆಯಬೇಕಿತ್ತು. ಒಳಗೆ ಅಷ್ಟು ಬಿಸಿ ಇದ್ದು ಹೊರಗೆ ಬರುತ್ತಿಲ್ಲ ಎಂದರೆ ನಡುವೆ ಯಾವುದೋ ತಡೆ ಇದೆ. ಅವರ ಕೈ ಸರಿಯಾಗಿಯೇ ಹೇಳುತ್ತಿತ್ತು. ನನ್ನ ಪರದೆಯೂ ಸರಿಯಾಗಿಯೇ ಹೇಳುತ್ತಿತ್ತು. ಎರಡನ್ನೂ ಒಟ್ಟಿಗೆ ಕೇಳುವಷ್ಟು ಸಮಾಧಾನ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

ಮೇ ಮುಗಿಯಿತು. ಮಾಲೀಕರು ನನ್ನ ಅಂಕಿಗಳನ್ನು ನೋಡಿದರು. "ಎರಡು ಡಿಗ್ರಿ," ಎಂದು ಓದಿ, ಅವರ ಕಡೆ ತಿರುಗಿ, "ಇದಕ್ಕಿಂತ ನಾವು ದಿನಾ ಎಳನೀರು ಕುಡಿದಿದ್ರೆ ಹೆಚ್ಚು ತಂಪಾಗ್ತಿತ್ತು, ಅಲ್ವಾ?" ಎಂದರು. ತಮಾಷೆಗೆ ಹೇಳಿದ್ದು. ಅವರು ನಗಲಿಲ್ಲ.

"ಮಾಲು ಚೊಲೋದೇ," ಎಂದಷ್ಟೇ ಹೇಳಿದರು.

ಯಂತ್ರವನ್ನು ವ್ಯಾನಿಗೆ ಏರಿಸಿದ ದಿನ ಅವರೇ ಅದನ್ನು ಹಳೆಯ ರಗ್ಗಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಹಗ್ಗ ಬಿಗಿದರು. ಬೀಳ್ಕೊಡುಗೆ ಎಂದು ಏನೂ ನಡೆಯಲಿಲ್ಲ. ತಾವು ಕೂರುತ್ತಿದ್ದ ಕುರ್ಚಿಯ ಪ್ಲಾಸ್ಟಿಕ್ಕನ್ನು ಒಮ್ಮೆ ಸವರಿ, "ಹೊಸದರ ಹಾಂಗೇ ಅದೆ," ಎಂದು ಹೇಳಿ, ಅಂಕೋಲೆಯ ಬಸ್ಸಿಗೆ ನಡೆದರು. ಮಳೆ ಶುರುವಾಗಿತ್ತು. ಕೈಯಲ್ಲಿ ಹಳೆಯ ಛತ್ರಿ.

ನಾನು ಮಡಗಾಂವಿಗೆ ಹೋದೆ. ಏಸಿ ಕೋಣೆಯಲ್ಲಿ ಯಂತ್ರ ತಕರಾರಿಲ್ಲದೆ ಓಡಿತು. ಅದನ್ನು ಬಿಚ್ಚುವ ಕಾರಣ ಯಾರಿಗೂ ಇರಲಿಲ್ಲ. ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿತ್ತು: ದುಬಾರಿ ಕೂಲರ್ ದಂಡ, ನಾನೇ ಅಳೆದು ನೋಡಿದ್ದೇನೆ.

ಎರಡು ವರ್ಷದ ಮೇಲೆ ಹೊಸ ಪ್ರೊಸೆಸರ್ ಹಾಕುವುದೆಂದಾಯಿತು. ಹೊಸದಕ್ಕೆ ಕೂರುವ ಪಟ್ಟಿಯನ್ನು ಕಂಪನಿಯವರು ಪುಕ್ಕಟೆಯಾಗಿಯೇ ಕಳಿಸಿದರು, ಅವರು ಹೇಳಿದ್ದ ಹಾಗೆಯೇ. ನಾನು ಸ್ಕ್ರೂ ಬಿಚ್ಚಿ ಕೂಲರನ್ನು ಎತ್ತಿ ಮಗುಚಿದೆ. ತಳದ ಮೇಲೆ ಒಂದು ತೆಳ್ಳಗಿನ ಪಾರದರ್ಶಕ ಹಾಳೆ. ಅದರ ಮೇಲೆ, ಅಳವಡಿಸುವ ಮೊದಲು ಇದನ್ನು ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಕೆಂಪು ಅಕ್ಷರ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟನ್ನು ಆ ಕೆಂಪು ಅಕ್ಷರಗಳ ಮೇಲೆಯೇ ನೀಟಾಗಿ ಹಚ್ಚಿದ್ದರು.

ಆ ಅಕ್ಷರಗಳನ್ನು ಎರಡು ಸಲ ಓದಿದೆ. ಆಮೇಲೆ ಹಾಳೆ ಸುಲಿದು, ಹಳೆಯ ಪ್ರೊಸೆಸರಿನ ಮೇಲೆಯೇ ಕೂಲರನ್ನು ಮತ್ತೆ ಕೂರಿಸಿ, ಸಹೋದ್ಯೋಗಿಗಳು ಬೈಯುತ್ತಿರುವಾಗಲೇ ಕೋಣೆಯ ಏಸಿ ಆರಿಸಿದೆ. ಕೋಣೆ ಮೂವತ್ನಾಲ್ಕಕ್ಕೆ ಏರುವವರೆಗೆ ಕಾದೆ. ಹಳೆಯ ಕೆಲಸವನ್ನೇ ಓಡಿಸಿದೆ. ಎಪ್ಪತ್ತೆಂಟು ಡಿಗ್ರಿ. ಅದರ ಮೇಲೆ ಏರಲಿಲ್ಲ. ಕಾರವಾರದ ಯಾವ ಮೇ ತಿಂಗಳಿಗೂ ಅದು ಜಗ್ಗುತ್ತಿರಲಿಲ್ಲ.

ಫೋನ್ ಮಾಡಿದೆ.

"ಹಾಂ ತಂಗಿ. ಗೋವಾದಲ್ಲಿ ಮೀನು ಹೆಂಗದೆ?"

"ಸರ್, ಕೂಲರಿನ ತಳಕ್ಕೆ ಪ್ಲಾಸ್ಟಿಕ್ ಇತ್ತು. ನೀವು ಅದನ್ನು ತೆಗೆದಿರಲಿಲ್ಲ."

ಆ ಕಡೆ ಎಲ್ಲೋ ತೆಂಗಿನಗರಿ ಬಿದ್ದ ಸದ್ದು ಕೇಳಿಸಿತು.

"ಓ, ಅದಾ. ಅದು ತೆಗೀಬೇಕಾಗಿತ್ತಾ?"

"ತೆಗೆಯಿರಿ ಅಂತ ಕೆಂಪಕ್ಷರದಲ್ಲಿ ಬರೆದಿದೆ ಸರ್."

"ಎಲ್ಲದರ ಮೇಲೂ ಎಂತೆಂತದೋ ಬರೀತ್ರು. ಅಷ್ಟು ಹೊಳೀತಿತ್ತಲ ಅದು. ಉಪ್ಪುಗಾಳಿ ತಾಗಿ ಮಂಕಾಗ್ತದೆ ಹೇಳಿ ಬಿಟ್ಟೆ."

"ಅದು ಪ್ರೊಸೆಸರಿಗೆ ತಾಗಬೇಕಿತ್ತು ಸರ್. ತಾಗುವುದೇ ಅದರ ಕೆಲಸ."

"ಈಗ ತೆಗ್ದ್ಯಾ?"

"ತೆಗೆದೆ."

"ಎಷ್ಟದೆ?"

"ಎಪ್ಪತ್ತೆಂಟು."

"ಏಸಿ ಹಾಕಿ?"

"ಏಸಿ ಆರಿಸಿ."

"ಹಾಂ!" ಎಂದರು. ಅಷ್ಟು ಖುಷಿಯ ದನಿಯನ್ನು ನಾನು ಅವರಿಂದ ಹಿಂದೆ ಕೇಳಿರಲಿಲ್ಲ. "ನಾ ಹೇಳ್ಲಿಲ್ಲವಾ? ಮಾಲು ಚೊಲೋದು ಹೇಳಿ ನಾ ಹೇಳ್ಲಿಲ್ಲವಾ?"

ಫೋನನ್ನು ಕಿವಿಯಿಂದ ದೂರ ಹಿಡಿದೆ. ನಾನು ಹೇಳಬೇಕೆಂದಿದ್ದು ಬೇರೆ. ಸರ್, ಉಗುರು ಹಾಕಿ ಒಮ್ಮೆ ಎಳೆದಿದ್ದರೆ ನಿಮ್ಮ ಕೆಲಸ ಉಳಿಯುತ್ತಿತ್ತು. ಒಮ್ಮೆ ನನಗೆ ಬಿಚ್ಚಲು ಬಿಟ್ಟಿದ್ದರೂ ಉಳಿಯುತ್ತಿತ್ತು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ದನಿ ತಗ್ಗಿಸಿದರು.

"ತಂಗಿ, ಮಾಲಕ್ರಿಗೆ ಒಂದು ಮಾತು ಹೇಳ್ತ್ಯಾ? ಎಪ್ಪತ್ತೆಂಟು ಹೇಳಿ. ಪ್ಲಾಸ್ಟಿಕ್ ಸುದ್ದಿ ಬೇಡ."

ಒಂದನ್ನು ಹೇಳದೆ ಇನ್ನೊಂದನ್ನು ಹೇಳುವುದು ಹೇಗೆ? ಎರಡು ದಿನ ಅದೇ ತಲೆಬಿಸಿ. ಅಂಕಿಯನ್ನು ಮಾತ್ರ ಹೇಳಿದರೆ, ಎರಡು ವರ್ಷದ ಹಿಂದೆ ನಾನು ತಪ್ಪು ಬರೆದೆ ಎಂದಾಗುತ್ತದೆ. ನಾನು ತಪ್ಪು ಬರೆದಿರಲಿಲ್ಲ. ಪೂರ್ತಿ ಹೇಳಿದರೆ ಅವರ ಮಾತು ಉಳಿಯುತ್ತದೆ, ಮಾನ ಹೋಗುತ್ತದೆ. ಕೊನೆಗೆ ಮಾಲೀಕರಿಗೆ ಒಂದು ವಾಕ್ಯ ಬರೆದೆ: ಅವತ್ತು ಕೂಲರಿನ ತಳ ಪ್ರೊಸೆಸರಿಗೆ ಸರಿಯಾಗಿ ತಾಗಿರಲಿಲ್ಲ; ಈಗ ತಾಗಿದೆ, ಹದಿನೈದು ಡಿಗ್ರಿ ಕಡಿಮೆ ಬರುತ್ತಿದೆ. ಇದರಲ್ಲಿ ಸುಳ್ಳಿಲ್ಲ. ಮಾಲೀಕರು ಸ್ವಲ್ಪ ಹೊತ್ತಿಗೆ ಫೋನ್ ಮಾಡಿದರು. "ಹಾಗಾದ್ರೆ ಮುದುಕರು ಹೇಳಿದ್ದು ಸರಿ," ಎಂದರು. "ಉಳಿದ ಎರಡು ಮಶೀನಿಗೂ ಅದನ್ನೇ ತರಿಸು."

ಇದನ್ನು ಭಾವಿಕೇರಿಗೆ ಫೋನ್ ಮಾಡಿ ತಿಳಿಸಿದಾಗ ಅವರು ಬಹಳ ಹೊತ್ತು ಹೂಂಗುಟ್ಟಿದರು. ಮಾಲೀಕರು "ಸರಿ" ಎಂದೇ ಹೇಳಿದರಾ, ಬೇರೆ ಶಬ್ದ ಬಳಸಿದರಾ, ಯಾರೆದುರು ಹೇಳಿದರು ಎಂದೆಲ್ಲ ಕೇಳಿದರು. ಆಮೇಲೆ ಹಿರಿಯರು ಕಿರಿಯರಿಗೆ ಎಚ್ಚರಿಸುವ ದನಿಯಲ್ಲಿ ಹೇಳಿದರು:

"ಕೂರಿಸೂಕಿಂತ ಮೊದ್ಲು ತಳದ ಪ್ಲಾಸ್ಟಿಕ್ ತೆಗೂದು ನೆನಪಿಟ್ಕ. ಕೆಲವ್ರು ಮರೀತ್ರು."

ಅದು ನಾವು ಆಡಿದ ಕೊನೆಯ ಮಾತು. ಜುಲೈನಲ್ಲಿ ಸುದ್ದಿ ಬಂತು. ಮಲಗಿದವರು ಏಳಲಿಲ್ಲವಂತೆ.

ಮಳೆ ಕಡಿಮೆಯಾದ ಮೇಲೆ ಒಂದು ಭಾನುವಾರ ಭಾವಿಕೇರಿಗೆ ಹೋದೆ. ಅವರ ಹೆಂಡತಿಯನ್ನು ನೋಡಿದ್ದು ಅದೇ ಮೊದಲು. ನಾನು ಯಾರೆಂದು ಹೇಳುವ ಮೊದಲೇ, "ಡಿಗ್ರಿ ತಂಗಿ ಅಲ್ಲವಾ?" ಎಂದರು. ಚಾವಡಿಯ ಕುರ್ಚಿಗಳಿಗೆ ಪ್ಲಾಸ್ಟಿಕ್ ಇತ್ತು. ಕೂತಾಗ ಚರಚರ ಎಂದಿತು. ಮೂಲೆಯಲ್ಲಿ ಆ ಭಾರೀ ಛತ್ರಿ, ಕವರಿನೊಳಗೆ.

ಗೋಡೆಯ ಮೇಲೆ ಅವರ ಫೋಟೋ ಇತ್ತು. ದೊಡ್ಡದು, ಬಂಗಾರದ ಬಣ್ಣದ ಅಗಲವಾದ ಕಟ್ಟು. ಆದರೆ ಮುಖ ಮಸುಕಾಗಿತ್ತು, ಹಬೆ ಹಿಡಿದ ಕಿಟಕಿಯ ಆಚೆ ನಿಂತವರ ಹಾಗೆ.

ನಾನು ನೋಡುತ್ತಿರುವುದನ್ನು ಕಂಡು ಅವರ ಹೆಂಡತಿ ನಿಟ್ಟುಸಿರಿಟ್ಟರು. "ನೋಡು ತಂಗಿ. ಕಾರವಾರದಲ್ಲಿ ದೊಡ್ಡ ಸ್ಟುಡಿಯೋ ಹೇಳಿ ಅಲ್ಲಿ ತನಕ ಹೋಗಿ ಮಾಡಿಸ್ದೆ. ಇವ್ರಿಗೆ ಅಗ್ಗದ್ದು ಆಗ್ತಿರ್ಲಿಲ್ಲಲ, ಅದ್ಕೆ. ಮುಖವೇ ಸರಿ ಬರ್ಲಿಲ್ಲ. ಅಂಕೋಲೆಯಲ್ಲಿ ಮಾಡ್ಸಿದ್ರೂ ಇಷ್ಟೇ ಬರ್ತಿತ್ತು. ದಂಡ."

ಎದ್ದು ಹತ್ತಿರ ಹೋದೆ. ಕೆಳಗಿನ ಮೂಲೆಯಲ್ಲಿ ಒಂದು ಗುಳ್ಳೆ.

"ಅಮ್ಮ, ಇದರ ಮೇಲೆ ಪ್ಲಾಸ್ಟಿಕ್ ಇದೆ."

"ಅದೆ. ಇರ್ಬೇಕಲ. ಉಪ್ಪುಗಾಳಿ."

"ಅದಕ್ಕೇ ಮುಖ ಕಾಣುತ್ತಿಲ್ಲ."

ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಅವರು ನನ್ನನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿದರು.

"ತೆಗೆಯಲಾ ಅಮ್ಮ?"

ಸೆರಗಿಗೆ ಕೈ ಒರೆಸಿಕೊಂಡು, ಯೋಚಿಸಿ, "ತೆಗಿ. ಗೀರು ಬೀಳ್ಬಾರ್ದು ಮತ್ತೆ," ಎಂದರು.

ಉಗುರಿನಿಂದ ಮೂಲೆ ಎತ್ತಿ ನಿಧಾನ ಎಳೆದೆ. ಮೊದಲು ಅಂಗಿಯ ಗುಂಡಿಗಳು ಕಂಡವು, ಆಮೇಲೆ ಸರಿಯಾಗಿ ಕ್ಷೌರವಾಗದ ಗಲ್ಲ, ಆಮೇಲೆ ಕನ್ನಡಕ. ಫೋಟೋ ಎಷ್ಟು ಸ್ಪಷ್ಟವಾಗಿತ್ತು ಎಂದರೆ, ಗಾಜಿನ ಮೂಲೆಯ ಚೀಟಿಯ ಮೇಲಿನ ಅಕ್ಷರಗಳನ್ನು ಓದಬಹುದಿತ್ತು. ಅವರು ಆ ಚೀಟಿಯ ಪಕ್ಕದಿಂದ ನನ್ನನ್ನು ವಾರೆಯಾಗಿ ನೋಡುತ್ತಿದ್ದರು.

ಬಂಗಾರದ ಕಟ್ಟಿನ ಮೇಲೂ ಹಾಳೆ ಇತ್ತು. ಅದಕ್ಕೆ ಕೈ ಹಾಕಿದಾಗ ಅವರ ಹೆಂಡತಿ ನನ್ನ ಮಣಿಕಟ್ಟು ಹಿಡಿದರು. "ಅದು ಇರ್ಲಿ. ಮುಖ ಕಂಡ್ರೆ ಸಾಕು. ಕಟ್ಟಿನ ಹೊಳಪು ಹೋಗ್ತದೆ." ನನ್ನ ಕೈಯಿಂದ ಸುಲಿದ ಹಾಳೆಯನ್ನು ತೆಗೆದುಕೊಂಡು, ಮಡಚಿ, ದೇವರ ಫೋಟೋದ ಹಿಂದೆ ಸಿಕ್ಕಿಸಿದರು.

ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಂತು ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡರು.

"ನೋಡಿದ್ಯಾ," ಎಂದರು. "ದೊಡ್ಡ ಸ್ಟುಡಿಯೋದ್ದು ದೊಡ್ಡ ಸ್ಟುಡಿಯೋದ್ದೇ. ಅಂಕೋಲೆಯಲ್ಲಿ ಅಗ್ಗದಲ್ಲಿ ಮಾಡ್ಸಿದ್ರೆ ಇಷ್ಟು ಚೆಂದ ಬರ್ತಿತ್ತಾ?"

ಅಂಕೋಲೆಯ ಸ್ಟುಡಿಯೋದ ಕೆಲಸವನ್ನು ನಾನು ನೋಡಿರಲಿಲ್ಲ. ಹೋಲಿಸಲು ನನ್ನ ಬಳಿ ಏನೂ ಇರಲಿಲ್ಲ.

"ಬರ್ತಿರಲಿಲ್ಲ ಅಮ್ಮ," ಎಂದೆ.